ಅರಮನೆಯ ಗೋಡೆಗೆ ಬಟ್ಟೆ ಹಗ್ಗ

ಸ್ಪ್ಲಿಟ್ ಊರಿನಲ್ಲಿ ನಾವು ಇಳಿದುಕೊಂಡಿದ್ದ ಕೋಣೆಯ ಕಿಟಕಿ ತೆರೆದರೆ ಎದುರಿಗೇ ರೋಮನ್ ಚಕ್ರವರ್ತಿಯ ಗೋಡೆ. ಆ ಗೋಡೆಗೆ ಹಗ್ಗ ಬಿಗಿದು ಯಾರೋ ಬಟ್ಟೆ ಹರವಿದ್ದರು. ಎರಡು ಬೆಡ್‌ಶೀಟು, ಮಗುವಿನ ಕಾಲುಚೀಲ, ಒಂದು ಮಾಸಿದ ಬನಿಯನ್. ಕುಮಟೆಯಿಂದ ಅಷ್ಟು ದೂರ ಹೋಗಿ ಮೊದಲು ನೋಡಿದ್ದು ಇದನ್ನು. “ಆಯಿ, ನೋಡೂಕೆ ಬಂದದ್ದು ಗೋಡೆ, ಬನಿಯನ್ ಅಲ್ಲ” ಎಂದು ಮಗಳು ನಕ್ಕಳು. ನನಗೆ ಎರಡೂ ಬೇಕಿತ್ತು.

ಮಗಳು ಇರುವುದು ಮ್ಯೂನಿಕ್‌ನಲ್ಲಿ. ಹತ್ತು ದಿನದಲ್ಲಿ ಏಳು ದೇಶ ತೋರಿಸುವ ಟೂರಿನ ಪಟ್ಟಿ ತೆಗೆದಿಟ್ಟಿದ್ದಳು. ಮೂವತ್ತು ವರ್ಷ ಶಾಲೆಯ ಗಂಟೆಗೆ ಓಡಿದವಳು ನಾನು, ಇನ್ನು ಬಸ್ಸಿನ ಹಾರ್ನಿಗೆ ಓಡಲಾರೆ ಎಂದೆ. ಕೊನೆಗೆ ಆರಿಸಿಕೊಂಡದ್ದು ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿ. ಹನ್ನೆರಡು ದಿನ, ಐದೇ ತಂಗುದಾಣ. 2023ರ ಜನವರಿ 1ರಿಂದ ಆ ದೇಶ ಷೆಂಗೆನ್ ಕೂಟಕ್ಕೆ ಸೇರಿ, ಯೂರೋ ನಾಣ್ಯವನ್ನೂ ತಂದುಕೊಂಡದ್ದರಿಂದ ಜರ್ಮನಿಗೆ ಪಡೆದ ವೀಸಾವೇ ಸಾಕಾಯಿತು.

ಸ್ಪ್ಲಿಟ್‌ನ ಅರಮನೆ ಕಟ್ಟಿಸಿದವನು ಡಯೊಕ್ಲೀಷಿಯನ್. ಕ್ರಿ.ಶ. 305ರಲ್ಲಿ ತಾನಾಗಿಯೇ ಸಿಂಹಾಸನ ಬಿಟ್ಟು, ಹುಟ್ಟಿದ ಸೀಮೆಗೆ ಮರಳಿ, ಸಮುದ್ರದ ದಡದಲ್ಲಿ ನಿವೃತ್ತಿ ಕಳೆದ. ಮತ್ತೆ ಪಟ್ಟವೇರು ಎಂದು ಕರೆಯಲು ಬಂದವರಿಗೆ, ನನ್ನ ಕೈಯಾರೆ ಬೆಳೆದ ಕೋಸು ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಎಂದನಂತೆ. ನಿವೃತ್ತಳಾದ ನನಗೆ ಈ ಮನುಷ್ಯ ಕೂಡಲೇ ಹಿಡಿಸಿದ. ಆದರೆ ಅವನು ಅಷ್ಟು ಒಳ್ಳೆಯವನೇನೂ ಅಲ್ಲ, ಕ್ರೈಸ್ತರನ್ನು ಹುಡುಕಿ ಕೊಲ್ಲಿಸಿದವನು. ಏಳನೆಯ ಶತಮಾನದಲ್ಲಿ ಪಕ್ಕದ ಸಲೋನಾ ಪಟ್ಟಣ ಹಾಳಾದಾಗ ಅಲ್ಲಿಂದ ಓಡಿಬಂದ ಜನ ಈ ಅರಮನೆಯೊಳಗೇ ಬಿಡಾರ ಹೂಡಿದರು. ಚಕ್ರವರ್ತಿಯ ಸಮಾಧಿ ಮಂದಿರ ಚರ್ಚಾಯಿತು, ಅದೂ ಅವನ ಕಾಲದಲ್ಲೇ ಹತನಾದ ಸಂತ ಡೊಮ್ನಿಯಸ್ ಹೆಸರಿನಲ್ಲಿ! ಅಂದು ಹೊಕ್ಕ ಜನ ಮತ್ತೆ ಹೊರಬೀಳಲಿಲ್ಲ. ಇವತ್ತಿಗೂ ಒಳಗೆ ಮನೆಗಳಿವೆ, ಕ್ಷೌರದಂಗಡಿಯಿದೆ. ಪೂರ್ವದ ಗೋಡೆಗೆ ತಾಗಿ ತರಕಾರಿ ಸಂತೆ. ಅದರ ಹೆಸರು ‘ಪಜಾರ್’, ನಮ್ಮ ಬಜಾರೇ. ಅಲ್ಲಿ ಕೋಸೂ ಇತ್ತು.

ಊಟದ ಚಿಂತೆ ನನಗಿತ್ತು, ಮೀನು ತಿನ್ನದವಳಿಗೆ ಸಮುದ್ರದ ಊರು ಕಷ್ಟ. ಕಾಪಾಡಿದ್ದು ‘ಸೋಪಾರ್ನಿಕ್’. ತೆಳ್ಳಗೆ ಲಟ್ಟಿಸಿದ ಎರಡು ಹಿಟ್ಟಿನ ಹಾಳೆಗಳ ನಡುವೆ ಹೆಚ್ಚಿದ ಸೊಪ್ಪು ತುಂಬಿ, ಒಲೆಯ ಮೇಲೆ ಕೆಂಡ ಮುಚ್ಚಿ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಬೆಳ್ಳುಳ್ಳಿ ಸವರುತ್ತಾರೆ. ಗಾಡಿಚಕ್ರದಷ್ಟು ಅಗಲದ ಸೊಪ್ಪಿನ ಹೋಳಿಗೆ ಎನ್ನಿ.

ಅಲ್ಲಿಂದ ಹಡಗಿನಲ್ಲಿ ಎರಡು ಗಂಟೆ, ಹ್ವಾರ್ ದ್ವೀಪದ ಸ್ತಾರಿ ಗ್ರಾದ್. ಹೆಸರಿನ ಅರ್ಥ ‘ಹಳೇ ಊರು’ ಎಂದಷ್ಟೇ. ಕ್ರಿ.ಪೂ. 384ರಲ್ಲಿ ಗ್ರೀಸಿನ ಪಾರೋಸ್ ದ್ವೀಪದವರು ಬಂದು ಇಲ್ಲಿ ನೆಲೆಯೂರಿದರು. ಊರ ಹಿಂದಿನ ಬಯಲನ್ನು ಅಳೆದು ಪಾಲು ಮಾಡಿಕೊಂಡರು. ಒಂದೊಂದು ಪಾಲು ಸುಮಾರು 900 ಮೀಟರ್ ಉದ್ದ, 180 ಮೀಟರ್ ಅಗಲ. ಹೊಲದಲ್ಲಿ ಸಿಕ್ಕ ಕಲ್ಲನ್ನೇ ಗಾರೆಯಿಲ್ಲದೆ ಒಟ್ಟಿ ಪಾಗಾರ ಹಾಕಿದರು. ಇಪ್ಪತ್ನಾಲ್ಕು ಶತಮಾನ ಕಳೆದರೂ ಆ ಗಡಿಗಳು ಅಲ್ಲೇ ಇವೆ, ಒಳಗೆ ಬೆಳೆಯುವುದೂ ಅದೇ ದ್ರಾಕ್ಷಿ, ಅದೇ ಆಲಿವ್. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿ ಒಂದು ತಲೆಮಾರು ತಾಳಿದರೆ ಹೆಚ್ಚು ಎಂದು ನನಗನ್ನಿಸಿತು.

ಒಂದು ಬೆಳಗ್ಗೆ ಪೂರ್ತಿ ಆ ಪಾಗಾರಗಳ ನಡುವೆ ನಡೆದೆವು. ಸೆಪ್ಟೆಂಬರ್ ಆದ್ದರಿಂದ ದ್ರಾಕ್ಷಿ ಕೊಯ್ಲು. ಹೊಲದ ನಡುವೆ ಒಬ್ಬ ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು ನಮ್ಮನ್ನು ನೋಡಿ, ಏನೂ ಮಾತಾಡದೆ ಎರಡು ಗೊಂಚಲು ಕೊಟ್ಟಳು. ಹ್ವಾರ್‌ನ ಲ್ಯಾವೆಂಡರ್ ಹೊಲಗಳ ಫೋಟೋ ನೋಡಿ ಬಂದಿದ್ದ ಮಗಳಿಗೆ ಮಾತ್ರ ನಿರಾಸೆ, ಆ ಹೂವಿನ ಕಾಲ ಜೂನ್, ಜುಲೈ. ಒಣಗಿದ ಹೂವಿನ ಚೀಲ ಕೊಂಡು ಸಮಾಧಾನಪಟ್ಟಳು.

ಊರೊಳಗೆ ಹದಿನಾರನೆಯ ಶತಮಾನದ ಕವಿ ಪೇತರ್ ಹೆಕ್ತೊರೊವಿಚ್ ಕಟ್ಟಿಸಿದ ಕೋಟೆಮನೆಯಿದೆ. ನಡುವೆ ಉಪ್ಪುನೀರಿನ ಕೊಳ, ಅದರಲ್ಲಿ ಮೀನುಗಳು. ಈತ ಪಾಸ್ಕೋಯೆ, ನಿಕೋಲಾ ಎಂಬ ಇಬ್ಬರು ಬೆಸ್ತರ ಜೊತೆ ಮೂರು ದಿನ ದೋಣಿಯಲ್ಲಿ ಸುತ್ತಿ, ಹಿಡಿದ ಮೀನು, ಆಡಿದ ಮಾತು, ಬೆಸ್ತರು ಹಾಡಿದ ಹಾಡು ಎಲ್ಲವನ್ನೂ ಸೇರಿಸಿ ಕಾವ್ಯ ಬರೆದ. 1568ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಮೂರು ದಿನ, ಒಂದು ದೋಣಿ, ಒಂದು ಪುಸ್ತಕ. ಏಳು ದೇಶದ ಟೂರಿನವರಿಗೆ ಇದನ್ನು ಹೇಳಬೇಕಿತ್ತು.

ಕೋರ್ಚುಲಾ ದ್ವೀಪಕ್ಕೆ ಹೊರಡುವ ದಿನ ತೆಂಕಣ ಗಾಳಿ ಎದ್ದು ದೋಣಿ ರದ್ದಾಯಿತು. ಅಲ್ಲಿಯವರು ಅದಕ್ಕೆ ‘ಯೂಗೋ’ ಎನ್ನುತ್ತಾರೆ. ಮೈ ಭಾರ, ತಲೆನೋವು, ಸಿಟ್ಟು ಎಲ್ಲಕ್ಕೂ ಅದೇ ಕಾರಣವಂತೆ. ಟಿಕೆಟ್ ಕಿಂಡಿಯಾಚೆಗಿದ್ದವನು ಹೇಳಿದ್ದು ಒಂದೇ ಮಾತು, “ಪೊಮಾಲೋ.” ಸಾವಕಾಶ ಎಂದರ್ಥ. ಮಗಳು ಫೋನಿನಲ್ಲಿ ಬುಕಿಂಗ್ ತಿದ್ದುತ್ತ ಕೂತಳು, ನಾನು ಕಾಫಿ ಕುಡಿಯುತ್ತ ಗಾಳಿ ನೋಡಿದೆ.

ಕೋರ್ಚುಲಾ ಪಟ್ಟಣದ ಬೀದಿಗಳು ಮೀನಿನ ಮುಳ್ಳಿನ ಹಾಗೆ. ನಡುವೆ ಬೆನ್ನೆಲುಬಿನಂತೆ ಒಂದು ಬೀದಿ, ಎರಡೂ ಕಡೆ ಓಣಿಗಳು. ಪಶ್ಚಿಮದ ಓಣಿಗಳು ನೇರ, ಬೇಸಿಗೆಯ ತಂಗಾಳಿ ಒಳಬರಲಿ ಎಂದು. ಪೂರ್ವದವು ಬಾಗಿವೆ, ಚಳಿಗಾಲದ ‘ಬುರಾ’ ಗಾಳಿ ನುಗ್ಗದಿರಲಿ ಎಂದು. ಮಾರ್ಕೊ ಪೋಲೊ ನಮ್ಮವನು ಎಂದು ಊರವರು ಒಂದು ಮನೆ ತೋರಿಸುತ್ತಾರೆ. ವೆನಿಸ್ಸಿನವರು ಒಪ್ಪುವುದಿಲ್ಲ. ನನಗೆ ಓಣಿಗಳೇ ಸಾಕಾದವು.

ಎದುರಿನ ಪೆಲ್ಯೆಶಾತ್ಸ್ ಪರ್ಯಾಯದ್ವೀಪಕ್ಕೆ ಚಿಕ್ಕ ದೋಣಿ ಪಯಣ, ಆಮೇಲೆ ಬಸ್ಸು. ಅದರ ತುದಿಯಲ್ಲಿ, ನೆಲಕ್ಕೆ ಅಂಟಿದಲ್ಲಿ, ಸ್ತೋನ್. ಪ್ರವಾಸದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲಿ, ಉಪ್ಪಿನ ಆಗರದ ಬದುವಿನ ಮೇಲೆ. 1333ರಲ್ಲಿ ಈ ನೆಲ ದುಬ್ರೋವ್ನಿಕ್ ಗಣರಾಜ್ಯದ ಕೈಸೇರಿತು. ಕೂಡಲೇ ಅದು ಬೆಟ್ಟದ ಮೇಲೆ ಹಾಯ್ದು ಹೋಗುವ ಕೋಟೆಗೋಡೆ ಕಟ್ಟಿಸತೊಡಗಿತು. ಇಂದಿಗೂ ಐದು ಕಿಲೋಮೀಟರಿಗೂ ಹೆಚ್ಚು ಉಳಿದಿದೆ. ಇಷ್ಟೆಲ್ಲ ಕಾವಲು ಯಾವ ನಿಧಿಗೆ? ಉಪ್ಪಿಗೆ. ಗಣರಾಜ್ಯದ ಖಜಾನೆ ತುಂಬುತ್ತಿದ್ದದ್ದು ಅದರಿಂದ.

ಕೆಲಸದ ಬಗೆ ನನಗೆ ಯಾರೂ ವಿವರಿಸಬೇಕಿರಲಿಲ್ಲ. ನಮ್ಮ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಉಪ್ಪುನೀರನ್ನು ಒಳಗೆ ಬಿಟ್ಟು, ಪಾತಿಯಿಂದ ಪಾತಿಗೆ ಹರಿಸಿ, ಬಿಸಿಲಿಗೆ ಗಟ್ಟಿಯಾಗಿಸಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿದ್ದನ್ನು ಎಳೆದು ಗುಡ್ಡೆ ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಇಲ್ಲೂ ಅದೇ. ನಮ್ಮಲ್ಲಿ ಮಳೆ ಬರುವ ಮೊದಲು ಬೇಸಿಗೆಯಲ್ಲಿ ಮುಗಿಸಬೇಕು, ಇವರಿಗೆ ಬೇಸಿಗೆ ಕಳೆದು ಶರತ್ಕಾಲದವರೆಗೂ ಅವಕಾಶ. ಪಾತಿಗಳಿಗೆ ಸಂತರ ಹೆಸರು. ಒಂದಕ್ಕೆ ಮಾತ್ರ ‘ಮುಂದೊ’, ಅಂದರೆ ಲೋಕ. ಒಂದು ಕಿಲೋ ಉಪ್ಪು ಕೊಂಡೆ. “ಕುಮಟೆಗೆ ಉಪ್ಪು ಒಯ್ಯೂದಾ ಆಯಿ?” ಎಂದು ಮಗಳು ತಲೆ ಚಚ್ಚಿಕೊಂಡಳು.

ಕೊನೆಗೆ ದುಬ್ರೋವ್ನಿಕ್. ಎಲ್ಲರೂ ಹೊಗಳುವ ಊರು, ಹೊಗಳಿಕೆಗೆ ತಕ್ಕ ಊರೂ ಹೌದು. 1940 ಮೀಟರ್ ಸುತ್ತಳತೆಯ ಕೋಟೆಗೋಡೆ, 1438ರ ಕಾರಂಜಿ, ತಿಂಗಳಿಗೊಬ್ಬ ಹೊಸ ಮುಖ್ಯಸ್ಥನನ್ನು ಆರಿಸಿ ಅವನನ್ನು ಅರಮನೆಯಿಂದ ಸುಮ್ಮನೆ ಹೊರಬಿಡದಿದ್ದ ಜಾಣ ಆಡಳಿತ. ಪ್ಲೇಗ್ ನಾಡಿನಿಂದ ಬಂದವರು ಮೂವತ್ತು ದಿನ ಹೊರಗೇ ಉಳಿಯಬೇಕೆಂದು 1377ರಲ್ಲೇ ಕಾನೂನು ಮಾಡಿದವರು ಇವರು. ಗೋಡೆಯ ಮೇಲಿಂದ ನೋಡಿದರೆ ಹೆಚ್ಚಿನ ಹೆಂಚುಗಳು ಹೊಸ ಕೆಂಪು. 1991ರ ಮುತ್ತಿಗೆಯಲ್ಲಿ ಶೆಲ್ ಬಿದ್ದ ಮಾಡುಗಳು.

ಆದರೆ ಗೋಡೆಯ ಮೇಲೆ ಒಂದು ಸುತ್ತು ಬಂದರೂ ಬಟ್ಟೆಯ ಹಗ್ಗ ಮೂರೋ ನಾಲ್ಕೋ ಮಾತ್ರ ಕಂಡವು. ಕೋಟೆಯೊಳಗೆ ಈಗ ವಾಸವಿರುವವರು ಎರಡು ಸಾವಿರಕ್ಕಿಂತ ಕಡಿಮೆ. ಉಳಿದ ಮನೆಗಳಲ್ಲಿ ಬಹಳಷ್ಟು ನಮ್ಮಂಥವರಿಗೆ ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ. ನಾವೂ ಅಂಥದ್ದೇ ಒಂದರಲ್ಲಿ ಮಲಗಿದೆವು. ಬೆಳಗ್ಗೆ ಹಾಲು ಎಲ್ಲಿ ಸಿಗುತ್ತದೆಂದು ಕೇಳಲು ಹೊರಬಂದರೆ ಬೀದಿಯಲ್ಲಿದ್ದವರೆಲ್ಲ ನಮ್ಮ ಹಾಗೆ ಮ್ಯಾಪು ಹಿಡಿದವರು.

ಊರಿಗೆ ಮರಳಿದ ಮೇಲೆ ಸ್ತೋನಿನ ಉಪ್ಪನ್ನು ಅತ್ತೆಯ ಮುಂದಿಟ್ಟೆ. ಎಂಬತ್ತೆಂಟರ ಅತ್ತೆ ಒಂದು ಹರಳು ನಾಲಗೆಗಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅಡ್ಡಿಲ್ಲೆ” ಎಂದರು. “ಅಪ್ಪೆಮಿಡಿಗೆ ಮಾತ್ರ ನಮ್ಮ ಸಾಣಿಕಟ್ಟೆದೇ ಹಾಕು.”