ಪದವೀಧರ ಮಕ್ಕಳಿಗೆ ನಿರುದ್ಯೋಗ ಭತ್ಯೆ: ಯಾರಿಗೆ, ಎಷ್ಟು, ಹೇಗೆ?

ನಮ್ಮ ಸದಸ್ಯ ಬಾಂಧವರ ಮನೆಗಳಲ್ಲಿ ಪದವಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಮಕ್ಕಳು ಅನೇಕರಿದ್ದಾರೆ. ಹಳದಿ ರೋಗವೂ ಎಲೆಚುಕ್ಕಿ ರೋಗವೂ ಸುಳ್ಯ ತಾಲೂಕಿನ ತೋಟಗಳನ್ನು ಹಿಂಡುತ್ತಿರುವಾಗ, ಸಂದರ್ಶನಕ್ಕೆ ಹೋಗುವ ಬಸ್ಸಿನ ಖರ್ಚಿಗೂ ಅಡಿಕೆ ಚೀಲವನ್ನೇ ನೋಡಬೇಕಾಗಿದೆ. ಇಂತಹವರಿಗಾಗಿ ರಾಜ್ಯ ಸರಕಾರ ತಂದಿರುವ ‘ಯುವನಿಧಿ’ ಯೋಜನೆಯ ಬಗ್ಗೆ ಸಂಘದ ಕಚೇರಿಯಲ್ಲಿ ಪದೇ ಪದೇ ವಿಚಾರಿಸುತ್ತಿರುವುದರಿಂದ ಇಲ್ಲಿ ವಿವರ ನೀಡುತ್ತಿದ್ದೇವೆ.

ಈ ಯೋಜನೆಯ ನೋಂದಣಿ 2023ರ ಡಿಸೆಂಬರ್ 26ರಂದು ಆರಂಭವಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಪಾವತಿಯಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಕೆಲಸ ಸಿಗುವವರೆಗೆ, ಹೆಚ್ಚೆಂದರೆ ಎರಡು ವರ್ಷ. ಅಂದರೆ ಪದವೀಧರನಿಗೆ ಒಟ್ಟು 72,000 ರೂಪಾಯಿಗಿಂತ ಹೆಚ್ಚು ದೊರೆಯದು. ಪಿಯುಸಿಗೆ ನಿಲ್ಲಿಸಿದವರಿಗೆ ಇದು ಅನ್ವಯಿಸುವುದಿಲ್ಲ. 2022-23ನೇ ಸಾಲಿನಲ್ಲಿ ತೇರ್ಗಡೆಯಾದವರಿಂದ ಆರಂಭಿಸಿ ಮುಂದಿನ ಸಾಲಿನವರನ್ನೂ ಸೇರಿಸಲಾಯಿತು. ಅದಕ್ಕೂ ಮೊದಲು ಪದವಿ ಪಡೆದು ಮನೆಯಲ್ಲಿರುವವರು ಸುಮ್ಮನೆ ಅಲೆಯುವುದು ಬೇಡ.

ಫಲಿತಾಂಶ ಬಂದು 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಆಗಸ್ಟ್ 10ರಂದು ಫಲಿತಾಂಶ ಬಂದಿದ್ದರೆ ಫೆಬ್ರವರಿಯ ಮೊದಲ ವಾರದವರೆಗೆ ಕಾಯಬೇಕೆಂದಾಯಿತು. ಉನ್ನತ ವ್ಯಾಸಂಗಕ್ಕೆ ಸೇರಿದವರೂ, ಅಪ್ರೆಂಟಿಸ್ ವೇತನ ಪಡೆಯುವವರೂ ಅರ್ಹರಲ್ಲ. ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕೆಂಬ ನಿಯಮವೂ ಇದೆ. ಅಜ್ಜನ ಮನೆಯಲ್ಲಿದ್ದು ಕಾಸರಗೋಡಿನ ಕಡೆ ಕೆಲವು ತರಗತಿ ಓದಿದ ಮಕ್ಕಳು ನಮ್ಮಲ್ಲಿದ್ದಾರೆ; ಅವರು ವರ್ಷಗಳನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಅತಿ ಹೆಚ್ಚು ಬರುವ ಪ್ರಶ್ನೆ ಬೇರೆಯೇ. ‘ಮಗ ತೋಟದಲ್ಲಿ ಅಡಿಕೆ ಹೆಕ್ಕುತ್ತಾನೆ, ಮದ್ದು ಬಿಡುವಾಗ ಸಹಾಯಕ್ಕೆ ನಿಲ್ಲುತ್ತಾನೆ, ಅವನು ನಿರುದ್ಯೋಗಿಯೇ?’ ನಿಯಮ ಹೊರಗಿಡುವುದು ಸರಕಾರಿ ಅಥವಾ ಖಾಸಗಿ ಕೆಲಸದಲ್ಲಿರುವವರನ್ನು, ಹಾಗೂ ಸರಕಾರಿ ಯೋಜನೆಯಲ್ಲೋ ಬ್ಯಾಂಕಿನಲ್ಲೋ ಸಾಲ ಪಡೆದು ಸ್ವಂತ ಉದ್ಯೋಗ ಮಾಡುವವರನ್ನು. ತಂದೆಯ ಹೆಸರಿನ ತೋಟದಲ್ಲಿ ಸಂಬಳವಿಲ್ಲದೆ ಕೈಜೋಡಿಸುವ ಮಗ ಈ ಎರಡರಲ್ಲೂ ಬರುವುದಿಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಅವನ ಹೆಸರಿನಲ್ಲೇ ಸಾಲ ತೆಗೆದು ಅಡಿಕೆ ಸುಲಿಯುವ ಯಂತ್ರ ತಂದು ಬಾಡಿಗೆಗೆ ಬಿಟ್ಟರೆ ಮಾತು ಬೇರೆ. ಸುಳ್ಳು ಘೋಷಣೆಗೆ ಕ್ರಮವುಂಟು. ಮೂರು ಸಾವಿರಕ್ಕಾಗಿ ಅದನ್ನು ಮೈಮೇಲೆ ಎಳೆದುಕೊಳ್ಳಬಾರದು.

ಅರ್ಜಿಯನ್ನು ಸೇವಾಸಿಂಧು ಪೋರ್ಟಲಿನಲ್ಲಿ ಹಾಕಬೇಕು. ಮನೆಯಲ್ಲಿ ನೆಟ್‌ವರ್ಕ್ ಸಿಗದವರು ಗ್ರಾಮ ಒನ್ ಕೇಂದ್ರಕ್ಕೆ ಹೋಗಬಹುದು. ಹೆಚ್ಚಿನ ತೊಂದರೆ ಬರುವುದು ಹೆಸರಿನಲ್ಲಿ. ನಮ್ಮ ಸೀಮೆಯಲ್ಲಿ ಊರಿನದೊಂದು, ತಂದೆಯದೊಂದು ಇನಿಶಿಯಲ್ ಹಾಕುವ ರೂಢಿ. ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ! ಗಣಕಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಮನುಷ್ಯರು. ವಿಶ್ವವಿದ್ಯಾನಿಲಯವು ಪದವಿಯ ದಾಖಲೆಯನ್ನು ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಏರಿಸಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. 180 ದಿನ ಕಾಯುವ ಅವಧಿಯಲ್ಲೇ ಈ ತಿದ್ದುಪಡಿಗಳನ್ನು ಮುಗಿಸಿಕೊಂಡರೆ ಕಾಲ ಉಳಿಯುತ್ತದೆ.

ಹಣ ನೇರವಾಗಿ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬರುತ್ತದೆ. ನಮ್ಮ ಸಂಘದ ಉಳಿತಾಯ ಖಾತೆಯ ಪಾಸ್‌ಪುಸ್ತಕವನ್ನು ನೆಚ್ಚಿ ಕೂರಬೇಡಿ. ಎರಡು ಮೂರು ಬ್ಯಾಂಕುಗಳಲ್ಲಿ ಖಾತೆಯಿದ್ದರೆ ಆಧಾರ್ ಯಾವುದಕ್ಕೆ ಜೋಡಣೆಯಾಗಿದೆಯೆಂದು ವಿಚಾರಿಸಿ. ಹಣ ಬಂದಿಲ್ಲವೆಂದು ದೂರುವವರ ಹಣ ಕೆಲವೊಮ್ಮೆ ಮರೆತುಹೋದ ಹಳೆಯ ಖಾತೆಯಲ್ಲಿ ಬಿದ್ದಿರುತ್ತದೆ.

ಒಮ್ಮೆ ಮಂಜೂರಾದರೆ ಕೆಲಸ ಮುಗಿಯಿತೆಂದಲ್ಲ. ‘ನಾನಿನ್ನೂ ನಿರುದ್ಯೋಗಿ, ಓದನ್ನೂ ಮುಂದುವರಿಸುತ್ತಿಲ್ಲ’ ಎಂಬ ಸ್ವಯಂ ಘೋಷಣೆಯನ್ನು ನಿಗದಿತ ಅವಧಿಗೊಮ್ಮೆ ಪೋರ್ಟಲಿನಲ್ಲಿ ಕೊಡುತ್ತಿರಬೇಕು. ತಪ್ಪಿದರೆ ಪಾವತಿ ನಿಲ್ಲುತ್ತದೆ. ಕೊಯ್ಲಿನ ಗಡಿಬಿಡಿಯಲ್ಲಿ ಮರೆಯುವುದು ಸುಲಭ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕೆಲಸ ಸಿಕ್ಕಿದೊಡನೆ ಅದನ್ನೂ ತಿಳಿಸತಕ್ಕದ್ದು.

ಅರ್ಜಿ ಹಾಕುವ ಮೊದಲು ಕಾಗದಪತ್ರಗಳನ್ನು ತೋರಿಸಬಯಸುವವರು ಆಧಾರ್, ಹತ್ತನೆಯ ತರಗತಿಯಿಂದ ಪದವಿವರೆಗಿನ ಅಂಕಪಟ್ಟಿಗಳು ಹಾಗೂ ಬ್ಯಾಂಕ್ ಪಾಸ್‌ಪುಸ್ತಕದೊಂದಿಗೆ ಸಂಘದ ಕಚೇರಿಗೆ ಬರಬಹುದು. ಹೆಸರುಗಳನ್ನು ಒಂದಕ್ಕೊಂದು ತಾಳೆ ನೋಡಿ ಕೊಡುತ್ತೇವೆ.