ಏದುಸಿರು ಶ್ವಾಸಕೋಶದ ತಪ್ಪೇ?

ಎರಡನೇ ಮಹಡಿ ಹತ್ತುವಷ್ಟರಲ್ಲಿ ನಿಮಗೆ ಏದುಸಿರು ಬರುತ್ತದೆಯೇ? ಮಗುವಿನ ಹಿಂದೆ ನಾಲ್ಕು ಹೆಜ್ಜೆ ಓಡಿದರೆ ಎದೆ ಡವಡವ ಎನ್ನುತ್ತದೆಯೇ? "ವಯಸ್ಸಾಯಿತು, ಶ್ವಾಸಕೋಶಕ್ಕೆ ಮೊದಲಿನ ಶಕ್ತಿ ಇಲ್ಲ" ಎಂದು ನೀವೇ ತೀರ್ಮಾನಿಸಿ ಮರುದಿನದಿಂದ ಲಿಫ್ಟ್ ಹತ್ತುತ್ತೀರಿ. ಅಸ್ತಮಾ, ರಕ್ತಹೀನತೆ, ಹೃದ್ರೋಗದಂತಹ ಕಾಯಿಲೆ ಇಲ್ಲದವರ ಮಟ್ಟಿಗೆ ಈ ತೀರ್ಮಾನ ಹೆಚ್ಚಾಗಿ ತಪ್ಪು.

ಸ್ವಲ್ಪ ಲೆಕ್ಕ ನೋಡಿ. ಸುಮ್ಮನೆ ಕುಳಿತಿರುವಾಗ ನಾವು ನಿಮಿಷಕ್ಕೆ ಆರೇಳು ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತೇವೆ. ಜೋರಾಗಿ ಓಡುವಾಗ ಅದು 100 ಲೀಟರ್ ತಲುಪಬಲ್ಲದು. ಅದೇ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಂಪ್ ಮಾಡುತ್ತದೆ. ಕಠಿಣ ಶ್ರಮದಲ್ಲೂ ಸಾಮಾನ್ಯ ಜನರಲ್ಲಿ ಅದು 15ರಿಂದ 20 ಲೀಟರ್‌ಗೆ ನಿಲ್ಲುತ್ತದೆ. ಗಾಳಿ ಹದಿನೈದು ಪಟ್ಟು ಹೆಚ್ಚಬಹುದು, ಆದರೆ ಅದರಲ್ಲಿರುವ ಆಮ್ಲಜನಕವನ್ನು ಹೊತ್ತೊಯ್ಯುವ ರಕ್ತ ಹೆಚ್ಚುವುದು ಮೂರು ನಾಲ್ಕು ಪಟ್ಟು ಮಾತ್ರ. ಕೊರತೆ ಇರುವುದು ಗಾಳಿಯಲ್ಲಲ್ಲ, ಸಾಗಾಟದಲ್ಲಿ. ಕಾಲಿನ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಸಿಗದಿದ್ದಾಗ ರಕ್ತದಲ್ಲಿ ಆಮ್ಲದ ಅಂಶ ಹೆಚ್ಚುತ್ತದೆ. ಆಗ ಮಿದುಳು "ಬೇಗ ಬೇಗ ಉಸಿರಾಡು" ಎಂದು ಆಜ್ಞೆ ಕೊಡುತ್ತದೆ. ನಿಮಗೆ ಗೊತ್ತಾಗುವುದು ಆ ಏದುಸಿರು ಮಾತ್ರ.

ಆಮ್ಲಜನಕವನ್ನು ಬಳಸಿಕೊಂಡು ಸ್ನಾಯುಗಳು ಬಹಳ ಹೊತ್ತು ದುಡಿಯುವಂತಹ ವ್ಯಾಯಾಮವೇ ಏರೋಬಿಕ್ ವ್ಯಾಯಾಮ. ಸಂಗೀತ ಹಾಕಿ ಕುಣಿಯುವುದಷ್ಟೇ ಅದಲ್ಲ. ಬಿರುಸಿನ ನಡಿಗೆ, ಸೈಕಲ್, ಈಜು, ಹಗ್ಗದಾಟ ಎಲ್ಲವೂ ಅದೇ. ಕೆಲವು ವಾರ ಬಿಡದೆ ಮಾಡಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಸ್ನಾಯುಗಳಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಮೂಡುತ್ತವೆ. ಶ್ವಾಸಕೋಶದ ಗಾತ್ರವಂತೂ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇರುತ್ತದೆ, ಆದರೂ ಅದೇ ಮೆಟ್ಟಿಲು ಈಗ ಸುಲಭವೆನಿಸುತ್ತದೆ.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇದನ್ನು ಬಹಳ ಚೆನ್ನಾಗಿ ತೋರಿಸಿದ ಒಂದು ಪ್ರಯೋಗ ನಡೆಯಿತು. ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ಎದ್ದಾಗ ದೇಹ ಆಮ್ಲಜನಕವನ್ನು ಬಳಸುವ ಅವರ ಗರಿಷ್ಠ ಸಾಮರ್ಥ್ಯ ಶೇಕಡಾ 27ರಷ್ಟು ಕುಸಿದಿತ್ತು. ಎಂಟು ವಾರಗಳ ತರಬೇತಿಯಿಂದ ಅವರು ಚೇತರಿಸಿಕೊಂಡರು. ಮೂವತ್ತು ವರ್ಷಗಳ ನಂತರ, ಐವತ್ತು ದಾಟಿದ ಅದೇ ಐವರನ್ನು ಮತ್ತೆ ಕರೆಸಿ ಪರೀಕ್ಷಿಸಿದಾಗ ಕುಸಿತ ಸುಮಾರು ಶೇಕಡಾ 12 ಮಾತ್ರ! ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ದೊಡ್ಡದು. ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್ ತುಳಿತ ಮಾಡಿಸಿದ ಮೇಲೆ ಅವರು ಇಪ್ಪತ್ತರಲ್ಲಿ ಇದ್ದ ಮಟ್ಟಕ್ಕೇ ಮರಳಿದರು. ಐದೇ ಜನ, ಅದೂ ಎಲ್ಲರೂ ಗಂಡಸರು ಎಂಬ ಮಿತಿ ಇದಕ್ಕಿದೆ, ನಿಜ. ಆದರೂ ಹಾಸಿಗೆಯ ವಿಶ್ರಾಂತಿಯ ಬಗ್ಗೆ ವೈದ್ಯರ ನಿಲುವು ಬದಲಾಗುವುದರಲ್ಲಿ ಈ ಪ್ರಯೋಗದ ಪಾಲು ದೊಡ್ಡದು.

ನಮ್ಮ ಮನೆಗಳಲ್ಲಿ ಇದನ್ನು ಯೋಚಿಸಬೇಕಾದ ಸಂದರ್ಭಗಳು ಹಲವು. ಜ್ವರ ಬಂದು ಹೋದ ಅಜ್ಜನಿಗೆ "ನೀವು ಏಳಬೇಡಿ, ಎಲ್ಲ ಇಲ್ಲಿಗೇ ತರುತ್ತೇವೆ" ಎನ್ನುತ್ತೇವೆ. ಅದು ಪ್ರೀತಿಯೇ, ಸಂಶಯವಿಲ್ಲ. ಆದರೆ ಹೀಗೆ ಒಂದು ತಿಂಗಳು ಮಲಗಿದವರಿಗೆ ಮತ್ತೆ ಬಚ್ಚಲಿಗೆ ನಡೆಯುವುದೂ ಬೆಟ್ಟ ಹತ್ತಿದಂತಾಗುತ್ತದೆ. ಬಾಣಂತಿಯನ್ನು ನಲ್ವತ್ತು ದಿನ ಕೋಣೆಯಿಂದ ಹೊರಗೆ ಬಿಡದಿರುವುದೂ ಹಾಗೆಯೇ. ಯಾವಾಗಿನಿಂದ, ಎಷ್ಟು ನಡೆಯಬಹುದು ಎಂದು ಆಸ್ಪತ್ರೆಯಿಂದ ಹೊರಡುವಾಗಲೇ ವೈದ್ಯರಲ್ಲಿ ಕೇಳಿಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳಿದೆ. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಒಂದೇ ಸಲ ಕನಿಷ್ಠ ಹತ್ತು ನಿಮಿಷ ಮಾಡಬೇಕು ಎಂಬ ಹಳೆಯ ಷರತ್ತನ್ನು 2020ರಲ್ಲಿ ಅದು ಕೈಬಿಟ್ಟಿತು. ಐದು ನಿಮಿಷದ ಮೆಟ್ಟಿಲೂ ಲೆಕ್ಕಕ್ಕೆ ಸೇರುತ್ತದೆ. ಶ್ರಮ ಸಾಕೇ ಎಂದು ತಿಳಿಯಲು ಯಂತ್ರ ಬೇಡ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆರಾಮವಾಗಿ ಹಾಡಬಲ್ಲಿರಾದರೆ ಅದು ತಿರುಗಾಟ.

"ಬೆಳಿಗ್ಗೆಯಿಂದ ರಾತ್ರಿವರೆಗೆ ಮನೆಗೆಲಸ, ಇನ್ನೇನು ವ್ಯಾಯಾಮ?" ಎಂದು ಕೇಳುವ ಸಹೋದರಿಯರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನೆಲ ಒರೆಸುವಾಗ, ನೀರು ಹೊರುವಾಗ ಉಸಿರು ಏರುವುದುಂಟು. ಒಲೆಯ ಮುಂದೆ ಎರಡು ಗಂಟೆ ನಿಂತರೆ ಸೊಂಟ ನೋಯುತ್ತದೆ, ಹೃದಯಕ್ಕೆ ಕೆಲಸ ಸಿಗುವುದಿಲ್ಲ. ರಸ್ತೆಯಲ್ಲಿ ನಡೆಯಲು ಸಂಕೋಚವಿದ್ದರೆ ಫಜ್ರ್ ನಂತರದ ತಂಪಿನಲ್ಲಿ ತಾರಸಿಯೋ ಅಂಗಳವೋ ಸಾಕು. ಆ ಅರ್ಧ ಗಂಟೆ ಮಕ್ಕಳ ತಿಂಡಿಯನ್ನು ಮನೆಯ ಗಂಡಸರು ನೋಡಿಕೊಳ್ಳಲಿ. ರಮಝಾನ್‌ನಲ್ಲಿ ಬಿಸಿಲಿನ ಶ್ರಮ ಬೇಡ, ಇಫ್ತಾರ್ ಆಗಿ ಹೊಟ್ಟೆ ಹಗುರಾದ ಮೇಲೆ ನಡೆಯಿರಿ.

ಇನ್ನು ಎಚ್ಚರಿಕೆ. ನಡೆಯುವಾಗ ಎದೆಯಲ್ಲಿ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಣ್ಣನೆಯ ಬೆವರು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ಕುಳಿತಲ್ಲೇ ಏದುಸಿರು ಬರುವುದು, ಪಾದ ಊದಿಕೊಳ್ಳುವುದು ವ್ಯಾಯಾಮದಿಂದ ಗುಣವಾಗುವ ದೌರ್ಬಲ್ಯವಲ್ಲ, ಕಾಯಿಲೆಯ ಲಕ್ಷಣ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಂಡೇ ಹೊರಡಬೇಕು.

ಆರಂಭಿಸುವ ಮೊದಲು ಒಂದು ಬೆಳಿಗ್ಗೆ, ಹಾಸಿಗೆಯಿಂದ ಏಳುವ ಮುನ್ನ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಅದೇ ರೀತಿ ಎಣಿಸಿದರೆ ಹೆಚ್ಚಿನವರಲ್ಲಿ ಸಂಖ್ಯೆ ಕೆಲವು ಬಡಿತ ಇಳಿದಿರುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನುಂಗುವವರಲ್ಲಿ ನಾಡಿ ಮೊದಲೇ ಇಳಿದಿರುವುದರಿಂದ ಈ ಲೆಕ್ಕ ಹೊಂದುವುದಿಲ್ಲ. ಅವರು ಅದೇ ಎರಡನೇ ಮಹಡಿಯ ಮೆಟ್ಟಿಲನ್ನೇ ಅಳತೆಗೋಲು ಮಾಡಿಕೊಳ್ಳಲಿ.