ಮನೆ ಯಾರದು, ಆರೈಕೆ ಯಾರದು?

ಆಟಿಸಂ, ಡೌನ್ ಸಿಂಡ್ರೋಮ್‌ನಂಥ ಬೆಳವಣಿಗೆಯ ತೊಡಕಿರುವ ಮಕ್ಕಳ ತಂದೆ ತಾಯಿಯರನ್ನು ‘ನಮ್ಮ ಕಾಲ ಮುಗಿದ ಮೇಲೆ ಇವರ ಗತಿಯೇನು’ ಎಂಬ ಚಿಂತೆ ಬಿಡುವುದಿಲ್ಲ. ಇದಕ್ಕೆ ದಾರಿ ಹುಡುಕುವಾಗ ಎಲ್ಲರೂ ಮೊದಲು ಅರಸುವುದು ನೋಡಿಕೊಳ್ಳುವವರನ್ನು. ಮನೆಯ ಮಾತು ಆಮೇಲೆ. ಅಮೆರಿಕದ ವರ್ಮಾಂಟ್ ರಾಜ್ಯದ ಅನುಭವ ನೋಡಿದರೆ ಈ ಕ್ರಮವೇ ತಲೆಕೆಳಗಾಗಿದೆ ಅನಿಸುತ್ತದೆ. ಇಂಥವರನ್ನು ದಶಕಗಳ ಕಾಲ ಇರಿಸಿದ್ದ ಬ್ರ್ಯಾಂಡನ್ ಟ್ರೈನಿಂಗ್ ಸ್ಕೂಲ್ ಎಂಬ ದೊಡ್ಡ ಸರ್ಕಾರಿ ಸಂಸ್ಥೆಯನ್ನು ಆ ರಾಜ್ಯ 1993ರಲ್ಲಿ ಮುಚ್ಚಿತು. ಆಮೇಲೆ ಅಲ್ಲಿ ಹೆಚ್ಚಾಗಿ ಬೆಳೆದದ್ದು, ಸರ್ಕಾರದಿಂದ ಹಣ ಪಡೆದು ನೋಡಿಕೊಳ್ಳುವ ಕುಟುಂಬಗಳ ಜೊತೆಯಲ್ಲೇ ವಾಸಿಸುವ ಪದ್ಧತಿ. ಸಂಸ್ಥೆಯ ಗೋಡೆಗಳ ನಡುವೆ ಆಯುಷ್ಯ ಸವೆಸುವುದಕ್ಕಿಂತ ಇದು ಎಷ್ಟೋ ಮೇಲು, ಸಂಶಯವಿಲ್ಲ. ಆದರೆ ಅಲ್ಲಿ ಮನೆ ಆರೈಕೆ ಮಾಡುವವರದು. ಅವರ ಆರೋಗ್ಯ ಕೆಟ್ಟರೆ, ಅವರು ಊರು ಬಿಟ್ಟರೆ, ಇಬ್ಬರಿಗೂ ಹೊಂದಿಕೆಯಾಗದಿದ್ದರೆ ಗಂಟುಮೂಟೆ ಕಟ್ಟಬೇಕಾದವನು ಆಶ್ರಯ ಪಡೆದವನೇ. ನೋಡಿಕೊಳ್ಳುವವರು, ಮಲಗುವ ಕೋಣೆ, ಅಕ್ಕಪಕ್ಕದವರು, ಗುರುತಿನ ಅಂಗಡಿ, ಬಸ್ಸಿನ ದಾರಿ ಎಲ್ಲವೂ ಒಂದೇ ಏಟಿಗೆ ಕೈತಪ್ಪುತ್ತವೆ. ದಿನಚರಿಯ ಸಣ್ಣ ಬದಲಾವಣೆಯನ್ನೂ ತಾಳಲು ಕಷ್ಟಪಡುವವರಿಗೆ ಇದು ಎಂಥ ಪೆಟ್ಟು ಎಂದು ವಿವರಿಸಬೇಕಿಲ್ಲ.

ಈ ಗಂಟನ್ನು ಬಿಡಿಸಬಲ್ಲ ಸಾಧನವೊಂದು ಅದೇ ವರ್ಮಾಂಟ್‌ನಲ್ಲಿದೆ. ಬರ್ನಿ ಸ್ಯಾಂಡರ್ಸ್ ಮೇಯರ್ ಆಗಿದ್ದಾಗ, 1984ರಲ್ಲಿ, ಬರ್ಲಿಂಗ್ಟನ್ ನಗರದಲ್ಲಿ ಸಮುದಾಯ ಭೂ ಟ್ರಸ್ಟ್ ಒಂದು ಹುಟ್ಟಿತು. ಇಂದಿನ ಚಾಂಪ್ಲೈನ್ ಹೌಸಿಂಗ್ ಟ್ರಸ್ಟ್ ಅದರ ಮುಂದುವರಿಕೆ. ಇಂಥ ಟ್ರಸ್ಟಿನ ಸೂತ್ರ ಸರಳ. ನೆಲ ಟ್ರಸ್ಟಿನದು, ಅದು ಮಾರಾಟಕ್ಕಿಲ್ಲ. ಮನೆ ಕೊಂಡವರು ಕಟ್ಟಡಕ್ಕಷ್ಟೇ ಹಣ ಕೊಟ್ಟು, ನೆಲವನ್ನು ಸಾಮಾನ್ಯವಾಗಿ 99 ವರ್ಷಗಳ ಲೀಸಿಗೆ ಪಡೆಯುತ್ತಾರೆ. ಮುಂದೆ ಮಾರುವಾಗ ಏರಿದ ಬೆಲೆಯಲ್ಲಿ ಒಂದು ಪಾಲು ಮಾತ್ರ ಅವರಿಗೆ. ಉಳಿದದ್ದು ಮನೆಯಲ್ಲೇ ಉಳಿದು ಮುಂದಿನವರಿಗೂ ಬೆಲೆ ಕೈಗೆಟುಕುತ್ತದೆ. ಟ್ರಸ್ಟ್ ಬಾಡಿಗೆ ಮನೆಗಳನ್ನೂ ನಡೆಸುತ್ತದೆ. ಆಡಳಿತ ಮಂಡಳಿಯಲ್ಲಿ ನಿವಾಸಿಗಳು, ಸುತ್ತಲಿನ ಊರವರು, ಸಾರ್ವಜನಿಕ ಹಿತದ ಪ್ರತಿನಿಧಿಗಳು ಮೂರರಲ್ಲಿ ಒಂದೊಂದು ಪಾಲು ಇರುವುದು ವಾಡಿಕೆ. ಅಮೆರಿಕದ ಮೊದಲ ಸಮುದಾಯ ಭೂ ಟ್ರಸ್ಟ್, 1969ರಲ್ಲಿ ಜಾರ್ಜಿಯಾದಲ್ಲಿ ಕಪ್ಪು ಜನರ ಹಕ್ಕಿನ ಹೋರಾಟಗಾರರು ಕಟ್ಟಿದ ‘ನ್ಯೂ ಕಮ್ಯುನಿಟೀಸ್’. ಅದಕ್ಕೆ ರೂಪ ಕೊಟ್ಟವರಲ್ಲಿ ಒಬ್ಬರಾದ ರಾಬರ್ಟ್ ಸ್ವಾನ್‌ಗೆ ಸ್ಫೂರ್ತಿ, ಊರಿನ ನೆಲವನ್ನು ಊರಿಗೇ ಒಪ್ಪಿಸುವ ವಿನೋಬಾ ಭಾವೆಯವರ ಗ್ರಾಮದಾನ. ಆ ಗ್ರಾಮದಾನವನ್ನು ಚರ್ಚಿಸಲೆಂದೇ 1957ರಲ್ಲಿ ನೆಹರೂ ಸೇರಿದಂತೆ ಹಲವು ಪಕ್ಷಗಳ ನಾಯಕರು ಒಟ್ಟು ಕೂತದ್ದು ನಮ್ಮ ಮೈಸೂರಿನ ಪಕ್ಕದ ಯಲವಾಲದಲ್ಲಿ. ನಾವು ಮರೆತ ವಿಚಾರ ಅಮೆರಿಕದಲ್ಲಿ ಮೊಳೆಯಿತು.

ಅಮೆರಿಕದಲ್ಲಿ ಅಂಗವಿಕಲರ ಆರೈಕೆಗೆ ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ನೆರವು ಯೋಜನೆ ಹಣ ಕೊಡುತ್ತದೆ, ಆದರೆ ಆ ಹಣದಲ್ಲಿ ಸಾಮಾನ್ಯವಾಗಿ ಮನೆ ಬಾಡಿಗೆ ಕಟ್ಟುವಂತಿಲ್ಲ. ಬಾಡಿಗೆಗೆ ಇರುವುದು ಎಸ್‌ಎಸ್‌ಐ ಎಂಬ ಮಾಸಾಶನ. 2025ರಲ್ಲಿ ಒಬ್ಬರಿಗೆ ಕೇಂದ್ರ ಸರ್ಕಾರ ಕೊಟ್ಟದ್ದು ತಿಂಗಳಿಗೆ ಹೆಚ್ಚೆಂದರೆ 967 ಡಾಲರ್. ಅಷ್ಟರಲ್ಲಿ ನಗರದಲ್ಲಿ ಸಣ್ಣ ಮನೆಯೂ ಸಿಗದು. ಭೂ ಟ್ರಸ್ಟಿನಂತೆ ನೆಲದ ಬೆಲೆಯನ್ನು ಲೆಕ್ಕದಿಂದ ತೆಗೆದರೆ ಬಾಡಿಗೆ ತಗ್ಗುತ್ತದೆ, ಪೂರ್ತಿ ಅಲ್ಲದಿದ್ದರೂ. ಉಳಿದ ಕೊರತೆಗೆ ಸರ್ಕಾರದ ಬಾಡಿಗೆ ಸಹಾಯಧನ ಬೇಕೇ ಬೇಕು. ಭೂ ಟ್ರಸ್ಟ್ ಅದಕ್ಕೆ ಬದಲಿಯಲ್ಲ. ಬಾಡಿಗೆ ತಗ್ಗುವುದಕ್ಕಿಂತ ದೊಡ್ಡ ಲಾಭ ಬೇರೆ: ಮನೆ ಟ್ರಸ್ಟಿನದು, ಆರೈಕೆ ಬೇರೊಂದು ಸಂಸ್ಥೆಯದು. ನೋಡಿಕೊಳ್ಳುವವರು ಬದಲಾದರೂ ಮನೆ ಬದಲಾಗದು. ಸರಿಯಾಗಿ ನೋಡಿಕೊಳ್ಳದವರನ್ನು ಬೇಡವೆನ್ನುವ ಧೈರ್ಯವೂ ಬಂದೀತು.

ಭೂ ಟ್ರಸ್ಟಿನ ಮೇಲಿನ ಹಳೆಯ ದೂರೆಂದರೆ, ಬಡವರಿಗೆ ಆಸ್ತಿಯ ಬೆಲೆ ಏರಿಕೆಯ ಪೂರ್ಣ ಲಾಭ ತಪ್ಪಿಸುತ್ತದೆ ಎನ್ನುವುದು. ಸಾಮಾನ್ಯ ಕುಟುಂಬದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಎಸ್‌ಎಸ್‌ಐ ಪಡೆಯುವ ಒಂಟಿ ವ್ಯಕ್ತಿ, ವಾಸದ ಮನೆಯಂಥ ಕೆಲವನ್ನು ಬಿಟ್ಟು, 2,000 ಡಾಲರ್‌ಗಿಂತ ಹೆಚ್ಚು ಸ್ವತ್ತು ಇಟ್ಟುಕೊಳ್ಳುವಂತಿಲ್ಲ. ಈ ಮಿತಿ 1989ರಿಂದ ಅಲ್ಲಾಡಿಲ್ಲ. ಕೈಗೆ ಹಣ ಬಂದರೆ ಮಾಸಾಶನಕ್ಕೇ ಕುತ್ತು ಬರುವ ವ್ಯವಸ್ಥೆಯಲ್ಲಿ, ಇವರಿಗೆ ಬೇಕಾದದ್ದು ಮಾರಿ ಗಳಿಸುವ ಆಸ್ತಿಯಲ್ಲ, ಯಾರೂ ಎಬ್ಬಿಸಲಾಗದ ನೆಲೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಅಂಗವಿಕಲರಿಗೆಂದೇ ಬಡಾವಣೆ ಕಟ್ಟಿದರೆ ಅದು ಹಳೆಯ ಸಂಸ್ಥೆಯೇ ಬಣ್ಣ ಬದಲಿಸಿ ಬಂದಂತಲ್ಲವೇ? ಹೌದು. ಅನಗತ್ಯವಾಗಿ ಸಂಸ್ಥೆಗಳಲ್ಲಿ ಇರಿಸುವುದು ತಾರತಮ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1999ರ ಓಮ್‌ಸ್ಟೆಡ್ ಪ್ರಕರಣದಲ್ಲಿ ಹೇಳಿತು. ಜನರಿಂದ ದೂರ ಮಾಡುವ ವಸತಿಗಳಿಗೆ ಸಮುದಾಯ ಸೇವೆಗೆಂದಿರುವ ಮೆಡಿಕೈಡ್ ಹಣ ಹರಿಯದಂತೆ 2014ರ ನಿಯಮಗಳೂ ಬಂದವು. ಟ್ರಸ್ಟಿನ ಮನೆಗಳು ಊರೊಳಗೆ ಚದುರಿ, ಎಲ್ಲರ ನಡುವೆ ಇದ್ದರೆ ಮಾತ್ರ ಈ ಮಾತಿಗೆ ಉತ್ತರ ಸಿಕ್ಕೀತು. ಬೇಲಿ ಹಾಕಿದ ಎಕರೆಗಟ್ಟಲೆ ಜಾಗ ಎಷ್ಟೇ ಹಸಿರಾಗಿದ್ದರೂ ನನ್ನ ಒಪ್ಪಿಗೆಯಿಲ್ಲ. ಟ್ರಸ್ಟ್ ಎಂದ ಮಾತ್ರಕ್ಕೆ ನೆಲ ಶಾಶ್ವತ ಎಂದೂ ನಂಬುವಂತಿಲ್ಲ. ಬರಗಾಲದಲ್ಲಿ ಸರ್ಕಾರಿ ಸಾಲ ಸಕಾಲಕ್ಕೆ ಸಿಗದೆ ನ್ಯೂ ಕಮ್ಯುನಿಟೀಸ್ ತನ್ನ 5,000ಕ್ಕೂ ಹೆಚ್ಚು ಎಕರೆಯನ್ನು 1985ರಲ್ಲಿ ಸಾಲ ಕೊಟ್ಟವರಿಗೆ ಕಳೆದುಕೊಂಡಿತು.

ಆದ್ದರಿಂದ ವಿಶೇಷ ಮಕ್ಕಳಿಗೆಂದು ಯಾವುದೇ ವಸತಿ ಯೋಜನೆಗೆ ಹಣ ಕಟ್ಟುವ ಮುನ್ನ, ಅದು ಬರ್ಲಿಂಗ್ಟನ್ನಿನಲ್ಲಿರಲಿ ಬೆಂಗಳೂರಿನಲ್ಲಿರಲಿ, ಹೆತ್ತವರು ಪತ್ರಗಳನ್ನು ತರಿಸಿ ನೋಡಬೇಕು: ನೆಲ ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲ ಎಷ್ಟಿದೆ, ಆರೈಕೆದಾರರನ್ನು ಬದಲಿಸಿದರೂ ಮಗ ಅಥವಾ ಮಗಳು ಅದೇ ಮನೆಯಲ್ಲಿ ಉಳಿಯಬಹುದೇ. ಮೂರನೆಯದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದವರಿಗೆ ಮುಂಗಡ ಕೊಡಬೇಡಿ.